ಬತ್ತುವ ಕೆರೆಯ ಧರ್ಮ

ನಿತ್ಯವಾದುದೇ ಸತ್ಯ, ಅನಿತ್ಯವಾದುದು ಅದರ ನೆರಳು ಎಂಬ ಎಣಿಕೆ ನಮ್ಮ ನಾಡಿನ ಧಾರ್ಮಿಕ ಚಿಂತನೆಯಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ದೇವರನ್ನು ಕುರಿತು ಮಾತನಾಡುವಾಗ ಬತ್ತದ ಸೆಲೆ, ಬಾಡದ ಹೂವು, ಕುಂದದ ಬೆಳಕು ಎಂಬ ಉಪಮಾನಗಳು ಪಂಡಿತರ ಬಾಯಲ್ಲಿಯೂ ಪಾಮರರ ಬಾಯಲ್ಲಿಯೂ ತಾವಾಗಿಯೇ ಮೂಡುವುವು. ಶಂಕರಾಚಾರ್ಯರು ಬ್ರಹ್ಮಜಿಜ್ಞಾಸೆಗೆ ಬೇಕಾದ ನಾಲ್ಕು ಸಾಧನಗಳಲ್ಲಿ ನಿತ್ಯಾನಿತ್ಯವಸ್ತುವಿವೇಕವನ್ನೇ ಮೊದಲಿಗೆ ಇರಿಸಿದರು. ಜೈನಾಚಾರ್ಯರು ಸಾಧಕನು ದಿನವೂ ಭಾವಿಸಬೇಕಾದ ಹನ್ನೆರಡು ಅನುಪ್ರೇಕ್ಷೆಗಳ ಪಂಕ್ತಿಯನ್ನು ಅನಿತ್ಯಾನುಪ್ರೇಕ್ಷೆಯಿಂದ ಪ್ರಾರಂಭಿಸಿದರು. ಬುದ್ಧನ ಉಪದೇಶವಂತೂ ಸಂಸ್ಕಾರಗಳೆಲ್ಲ ಅನಿತ್ಯವೆಂಬ ತಿಳಿವಿನ ಮೇಲೆಯೇ ನಿಂತಿದೆ. ದರ್ಶನಗಳು ತಮ್ಮೊಳಗೆ ಎಷ್ಟೇ ಕಾದಾಡಲಿ, ಅಳಿಯುವುದು ಒಂದು ಊನ, ಅಳಿಯದಿರುವುದು ಒಂದು ಪೂರ್ಣತೆ ಎಂಬ ಭಾವವಂತೂ ಸಾಮಾನ್ಯ ಭಕ್ತನ ಮನಸ್ಸಿನಲ್ಲಿ ಅಳಿಸಲಾಗದಂತೆ ಉಳಿದುಬಿಟ್ಟಿದೆ. ಈ ಭಾವವನ್ನು ಹೊತ್ತುಕೊಂಡೇ ನಾನೂ ಬೆಂಗಳೂರಿನ ಉತ್ತರ ದಿಕ್ಕಿನ ಕೆರೆಗಳನ್ನೂ ಕಾವಲುಕಾಡನ್ನೂ ವರ್ಷದ ಎಲ್ಲ ಋತುಗಳಲ್ಲಿ ಸುತ್ತುತ್ತ ಬಂದವನು; ಆದರೆ ಅಲ್ಲಿ ಕಂಡದ್ದು ಈ ಭಾವಕ್ಕೆ ಒಪ್ಪುವಂಥದಾಗಿರಲಿಲ್ಲ. ಬತ್ತದಿರುವುದು ನಿಜಕ್ಕೂ ಶ್ರೇಷ್ಠವೇ ಎಂಬ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟದ್ದು ಯಾವ ಗ್ರಂಥವೂ ಅಲ್ಲ, ಯಲಹಂಕ ಸೀಮೆಯ ಕೆರೆಗಳು.

ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ರಾಜ್ಯ ಸರ್ಕಾರವು 2015ರಲ್ಲಿ ಪಕ್ಷಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. (ಜೆ.ಪಿ. ನಗರದ ಕಡೆ ಇದೇ ಹೆಸರಿನ ಇನ್ನೊಂದು ಕೆರೆ ಇರುವುದರಿಂದ ವಿಳಾಸ ಕೇಳುವವರು ಎಚ್ಚರವಾಗಿರಬೇಕು.) ಕೆರೆ ದೊಡ್ಡದಲ್ಲ, ಸುತ್ತಲೂ ಬಡಾವಣೆಗಳು ಒತ್ತಿಕೊಂಡು ಬಂದಿರುವುವು. ಅದೇ ಯಲಹಂಕದ ಮಗ್ಗುಲಲ್ಲಿ ಜಾರಕಬಂಡೆ ಕಾವಲು ಎಂಬ ಮೀಸಲು ಅರಣ್ಯವುಂಟು. ಕುರುಚಲು ಕಾಡು, ಬಂಡೆಗಲ್ಲು, ಬಂದರಿಕೆ, ಕಾರೆ, ಈಚಲು, ತಂಗಡಿ, ಇವುಗಳ ನಡುವೆ ಸಾಲುಸಾಲಾಗಿ ನೆಟ್ಟ ನೀಲಗಿರಿ. ಇಲ್ಲಿಂದ ಆಗ್ನೇಯಕ್ಕೆ ಇಳಿದರೆ ಯಲಹಂಕ ಕೆರೆ, ಅದರ ಕೆಳಗೆ ಜಕ್ಕೂರು ಕೆರೆ, ಅದರ ಕೆಳಗೆ ರಾಚೇನಹಳ್ಳಿ ಕೆರೆ ಎಂಬಂತೆ ಒಂದರ ಕೋಡಿಯ ನೀರು ಇನ್ನೊಂದರ ಅಂಗಳಕ್ಕೆ ಹರಿದು, ಕಟ್ಟಕಡೆಗೆ ದಕ್ಷಿಣ ಪಿನಾಕಿನಿಯನ್ನು ಸೇರುವ ಸರಪಣಿಯುಂಟು. ಇವುಗಳಲ್ಲಿ ಒಂದಾದರೂ ನಿಸರ್ಗವೇ ತಾನಾಗಿ ನಿರ್ಮಿಸಿದ ಸರೋವರವಲ್ಲ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ, ತೂಬನ್ನಿಟ್ಟು, ಕೋಡಿಯನ್ನು ಬಿಟ್ಟು ಮನುಷ್ಯರು ಮಾಡಿದ ಕೆರೆಗಳು ಇವು. ಇಂದು ವನ್ಯಜೀವಿಗಳ ಆಶ್ರಯವೆಂದು ನಾವು ಕಾಯುತ್ತಿರುವುದು ರೈತರ ಗದ್ದೆಗಾಗಿ ಹುಟ್ಟಿದ ಒಂದು ಏರ್ಪಾಡನ್ನು ಎಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಏಕೆಂದರೆ ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಆರಿದ್ರಾ ಮಳೆ ಬಿದ್ದ ಮೇಲೆ ಜಾರಕಬಂಡೆಯ ಕಾಲುದಾರಿಯಲ್ಲಿ ನಡೆಯುವುದು ಒಂದು ಬಗೆಯ ಪ್ರಾಯಶ್ಚಿತ್ತದಂತಿರುವುದು. ನೆಲದ ಮೇಲೆ ಎಲ್ಲಿ ಕಾಲಿಟ್ಟರೂ ಸಹಸ್ರಪದಿ, ಬಸವನಹುಳು, ಕೆಂಪು ಮಖಮಲ್ಲಿನ ಚೂರುಗಳಂತೆ ಹರಿಯುವ ಮಿಂಚುಹುಳುವಿನಷ್ಟೇ ಪುಟ್ಟ ಮಳೆಹುಳುಗಳು, ಬೆರಳುಗುರಿನಷ್ಟು ಕಪ್ಪೆಮರಿ; ಎಷ್ಟೇ ನೋಡಿ ನಡೆದರೂ ಏನನ್ನಾದರೂ ತುಳಿಯದೆ ಬರುವುದು ಅಸಾಧ್ಯ. ಜೈನ ಮುನಿಗಳೂ ಬೌದ್ಧ ಭಿಕ್ಷುಗಳೂ ಮಳೆಗಾಲದಲ್ಲಿ ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲಸಬೇಕೆಂಬ ನಿಯಮ ಹುಟ್ಟಿದ್ದು ಇದಕ್ಕೇ. ವೈದಿಕ ಸಂನ್ಯಾಸಿಗಳ ಚಾತುರ್ಮಾಸ್ಯವ್ರತದ ತಿರುಳೂ ಇದೇ. ಆಷಾಢದಿಂದ ಮೇಲೆ ನೆಲವು ಮನುಷ್ಯನದಲ್ಲ, ಅದು ಮೊಳೆಯುವ ಜೀವಗಳದು, ಆದುದರಿಂದ ಹೆಚ್ಚು ಬಲ್ಲವನು ಆ ಕಾಲದಲ್ಲಿ ಹೆಜ್ಜೆಯನ್ನು ಹಿಂದಕ್ಕೆ ತೆಗೆಯಬೇಕು ಎಂಬ ಈ ನಿಯಮವನ್ನು ನಾನು ನಮ್ಮ ಧರ್ಮಚರಿತ್ರೆಯ ಅತ್ಯಂತ ಸೂಕ್ಷ್ಮವಾದ ಸಂಗತಿಗಳಲ್ಲಿ ಒಂದೆಂದು ಎಣಿಸುತ್ತೇನೆ. ಅಹಿಂಸೆಯನ್ನು ಎಲ್ಲ ಕಾಲಕ್ಕೂ ಸಮನಾಗಿ ವಿಧಿಸಿದ ಆಚಾರ್ಯರೇ ಅದಕ್ಕೊಂದು ಋತುವನ್ನೂ ಒಪ್ಪಿದರಲ್ಲ! ಕಾಲವು ಧರ್ಮದಲ್ಲಿ ಸೇರಿಕೊಂಡದ್ದು ಹೀಗೆ. ಮೀಸಲು ಪ್ರದೇಶವೆಂಬುದಕ್ಕೆ ಧಾರ್ಮಿಕ ಅರ್ಥವೊಂದು ಇರುವುದಾದರೆ ಅದು ಇದೇ ಆಗಿರಬೇಕೆಂದು ನನಗೆ ತೋರುವುದು: ಊರಿಗೆ ಊರೇ ಒಂದು ತುಂಡು ನೆಲದ ಮಟ್ಟಿಗೆ ಹಿಡಿದ ಚಾತುರ್ಮಾಸ್ಯ.

ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 97 ಸೆಂಟಿಮೀಟರ್. ಅದರಲ್ಲಿ ಸೆಪ್ಟೆಂಬರ್ ತಿಂಗಳ ಪಾಲು ಎಲ್ಲಕ್ಕಿಂತ ದೊಡ್ಡದು. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಕೆರೆಯನ್ನು ತುಂಬಿಸಿ ಹೋದ ಮೇಲೆ, ಕಾರ್ತಿಕದ ಇಬ್ಬನಿಯೊಡನೆ ದೂರದ ಹಕ್ಕಿಗಳು ಬರತೊಡಗುವುವು. ಈ ಭಾಗವನ್ನು ನಾನು ಬೇಗ ದಾಟಿಹೋಗುತ್ತೇನೆ. ಏಕೆಂದರೆ ಚಳಿಗಾಲದ ಕೆರೆಯ ಸೊಬಗನ್ನು ಹೇಳುವವರು ಬೇಕಾದಷ್ಟು ಮಂದಿ ಇರುವರು, ಅವರ ಕೈಯಲ್ಲಿ ಒಳ್ಳೆಯ ಕ್ಯಾಮೆರಾಗಳೂ ಇರುವುವು. ಸೂಜಿಬಾಲದ ಬಾತು ಉತ್ತರದ ದೇಶಗಳಿಂದ ಬರುವುದು, ಗದ್ದೆಗೊರವ ಬರುವುದು, ಕಾವಲಿನ ಪೊದೆಯೊಳಗೆ ಹಾದುಹೋಗುವ ನವರಂಗ ಒಂದೆರಡು ದಿನ ಕಾಣಿಸಿಕೊಂಡು ದಕ್ಷಿಣಕ್ಕೆ ಇಳಿಯುವುದು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಹಾವಕ್ಕಿ, ಇರುಳುಬಕ, ನಾಮದಕೋಳಿಗಳು ನಮ್ಮ ನಾಡಿನವೇ. ನೋಡಲು ಬಂದವರು ಏರಿಯ ಮೇಲೆ ನಿಂತು ಸಂತೋಷಪಟ್ಟು, ಕೆರೆ ಎಂದರೆ ಹೀಗಿರಬೇಕು ಎಂದುಕೊಂಡು ಮನೆಗೆ ಹೋಗುವರು. ತುಂಬಿದ ಕೆರೆಯೇ ಕೆರೆಯ ನಿಜರೂಪ, ಉಳಿದುವೆಲ್ಲ ಅದರ ವಿಕಾರಗಳು ಎಂಬ ನಂಬಿಕೆ ಹುಟ್ಟುವುದು ಈ ಮಾಸಗಳಲ್ಲಿಯೇ.

ಮಾಘ ಕಳೆಯುತ್ತಿದ್ದಂತೆ ಕಾವಲಿನ ಬಣ್ಣ ಬದಲಾಗುವುದು. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುವುದು. ಹೊಂಗೆ ತನ್ನ ಎಲೆಗಳನ್ನೆಲ್ಲ ಉದುರಿಸಿ ಕೆಲವೇ ದಿನ ಬರಿಯ ಕೊಂಬೆಗಳಲ್ಲಿ ನಿಂತು, ಯುಗಾದಿಯ ಹೊತ್ತಿಗೆ ಎಳೆಯ ಹಸಿರಿನ ತಳಿರನ್ನು ಒಮ್ಮೆಗೇ ಹೊದ್ದುಬಿಡುವುದು. ಮುತ್ತುಗ ಎಲೆಯಿಲ್ಲದ ಮೈಮೇಲೆ ಹೂವನ್ನು ತಳೆಯುವುದು. ಎರಡು ವರ್ಷಕ್ಕೊಮ್ಮೆ ಇದೇ ಕಾಲದಲ್ಲಿ ಯಲಹಂಕದ ವಾಯುನೆಲೆಯಲ್ಲಿ ವಿಮಾನಗಳ ಪ್ರದರ್ಶನ ನಡೆಯುವುದು. 1996ರಿಂದ ನಡೆದು ಬಂದಿರುವ ಏರ್ಪಾಡು ಅದು. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಕವಿದು ವಿಮಾನಗಳಿಗೆ ಅಪಾಯವಾದೀತೆಂದು ಆ ದಿನಗಳಲ್ಲಿ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸುವರು. ಮಹಾವೀರ ಜಯಂತಿಯ ದಿನ ಮಹಾವೀರನಿಗಾಗಿ ಮುಚ್ಚುವ ಅಂಗಡಿ, ಇಲ್ಲಿ ಯುದ್ಧವಿಮಾನಕ್ಕಾಗಿ ಮುಚ್ಚುವುದು. ಕೋಳಿಗಳ ಮಟ್ಟಿಗೆ ಎರಡಕ್ಕೂ ಭೇದವಿಲ್ಲವೆಂದು ಕಾಣುತ್ತದೆ.

ಹಲವು ಮರಗಳು ಹೀಗೆ ಬರಿದಾಗಿ ಮತ್ತೆ ಚಿಗುರುವ ಈ ಹೊತ್ತಿನಲ್ಲಿ, ಬರಿದಾಗಲೊಲ್ಲದ ಮರವೊಂದು ಕಾವಲಿನಲ್ಲಿ ಉಂಟು. ಅದು ನೀಲಗಿರಿ. ನಮ್ಮ ನಾಡಿಗೆ ಅದು ಮೊದಲು ಬಂದದ್ದು ಇಲ್ಲಿಂದ ಉತ್ತರಕ್ಕೆ ಕಾಣುವ ನಂದಿಬೆಟ್ಟಕ್ಕೇ, 1790ರ ಸುಮಾರಿಗೆ, ಟಿಪ್ಪು ಸುಲ್ತಾನನ ತೋಟಕ್ಕೆ ಎಂದು ಹೇಳುವರು. ಆಮೇಲೆ ಸಾಮಾಜಿಕ ಅರಣ್ಯವೆಂಬ ಹೆಸರಿನಲ್ಲಿ ಕೋಲಾರ, ಬೆಂಗಳೂರು ಸೀಮೆಗಳ ಹೊಲಗಳಿಗೂ ಕಾವಲುಗಳಿಗೂ ಅದು ಹಬ್ಬಿತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿಯನ್ನು ನೆಡುವುದನ್ನು ನಿಷೇಧಿಸುವ ಹಂತಕ್ಕೆ ಬಂದಿತು. ಚೈತ್ರದ ಬಿಸಿಲಿನಲ್ಲಿ ಆ ಸಾಲುಗಳ ನಡುವೆ ನಡೆದು ನೋಡಬೇಕು. ಮೇಲೆ ಹಸಿರು ಇದ್ದೇ ಇರುವುದು. ಕೆಳಗೆ ಹುಲ್ಲಿಲ್ಲ, ಹುಳುವಿಲ್ಲ, ಗೂಡಿಲ್ಲ. ಆಳದ ಬೇರಿನಿಂದ ನೀರನ್ನು ಎಳೆದುಕೊಂಡು, ಬೇಗ ಕೊಳೆಯದ ಎಲೆಗಳನ್ನು ಅಷ್ಟಷ್ಟಾಗಿ ಚೆಲ್ಲುತ್ತ, ವರ್ಷವಿಡೀ ಒಂದೇ ವೇಷದಲ್ಲಿ ನಿಂತಿರುವ ಈ ಮರಕ್ಕೆ ಋತುವೆಂಬುದು ತಟ್ಟದು. ನಮ್ಮ ಉಪಮಾನಗಳ ಲೆಕ್ಕದಲ್ಲಿ ಇದು ಬಾಡದ ಮರ, ಪೂಜ್ಯವಾಗಬೇಕಾದ ಮರ. ಆದರೆ ಕಾಡಿನ ಲೆಕ್ಕ ಬೇರೆ. ಹೊಂಗೆ ಬರಿದಾದುದರಿಂದ ನೆಲಕ್ಕೆ ಗೊಬ್ಬರವಾಯಿತು, ಬಿಸಿಲು ನೆಲವನ್ನು ಮುಟ್ಟಿತು, ಬೀಜಗಳಿಗೆ ಎಡೆಯಾಯಿತು. ನೀಲಗಿರಿ ಬರಿದಾಗದುದರಿಂದ ಅದರ ಬಾಳು ಅದಕ್ಕೇ ಮುಗಿಯಿತು.

ಇನ್ನು ಗ್ರೀಷ್ಮದ ಕೆರೆ. ನೋಡಲು ಯಾರೂ ಬಾರದ ಈ ಋತುವನ್ನೇ ನಾನು ಹೆಚ್ಚಾಗಿ ಮೆಚ್ಚುವುದು. ಮಳೆ ಕೈಕೊಟ್ಟ ವರ್ಷದಲ್ಲಿ ವೈಶಾಖದ ಕೆರೆಯ ಅಂಗಳ ಹೇಗಿರುವುದೆಂಬುದನ್ನು ಬಯಲುಸೀಮೆಯವರಿಗೆ ವರ್ಣಿಸಬೇಕಾಗಿಲ್ಲ. ಮೊದಲು ಅಂಚಿನ ಕೆಸರು ಬಯಲಾಗುವುದು; ಆಗ ಮೆಟ್ಟುಗಾಲು ಹಕ್ಕಿ, ಗೊರವ, ಟಿಟ್ಟಿಭಗಳಿಗೆ ಹಬ್ಬ, ಏಕೆಂದರೆ ಅವುಗಳ ಕಾಲಿಗೂ ಕೊಕ್ಕಿಗೂ ತಕ್ಕ ಆಳ ತುಂಬಿದ ಕೆರೆಯಲ್ಲಿ ಸಿಗುವುದೇ ಇಲ್ಲ. ಆಮೇಲೆ ನೀರು ನಡುವಿನ ತಗ್ಗಿಗೆ ಕುಗ್ಗಿ, ಅಲ್ಲಿ ಒತ್ತೊತ್ತಾಗಿ ಸೇರಿದ ಮೀನಿಗೆ ಕೊಕ್ಕರೆಗಳು ಸಾಲಾಗಿ ನಿಲ್ಲುವುವು. ಕೊನೆಗೆ ಅದೂ ಇಂಗಿ, ನೆಲ ಹೆಂಟೆಹೆಂಟೆಯಾಗಿ ಬಿರಿಯುವುದು. ಸತ್ತ ಕೆರೆ ಎಂದು ಪಟ್ಟಣದವನು ಮೂಗುಮುರಿಯುವುದು ಈಗಲೇ. ಆದರೆ ಆ ಬಿರುಕುಗಳೊಳಗೆ ಗಾಳಿ ಇಳಿಯುತ್ತಿರುವುದು. ವರ್ಷವೆಲ್ಲ ನೀರಿನಡಿಯಲ್ಲಿ ಕೊಳೆತು ಕಪ್ಪಾಗಿದ್ದ ಹೂಳು ಆ ಗಾಳಿಯಿಂದ ಶುದ್ಧಿಯಾಗಿ ಗೊಬ್ಬರವಾಗುತ್ತಿರುವುದು. ಬಸವನಹುಳು ತನ್ನ ಚಿಪ್ಪಿನ ಬಾಯಿಗೆ ಮುಚ್ಚಳವಿಕ್ಕಿ, ಕಪ್ಪೆ ಕೆಸರಿನಾಳದಲ್ಲಿ ಅವಿತು, ಇಬ್ಬರೂ ಮಳೆಗಾಗಿ ಕಾಯುತ್ತಿರುವರು. ಜಲಕಳೆಗಳು ಒಣಗಿ ನೆಲಸಮವಾಗಿರುವುವು. ಹಿಂದೆ ಈ ದಿನಗಳಲ್ಲಿ ರೈತರು ಗಾಡಿ ಹೂಡಿಕೊಂಡು ಬಂದು ಗೋಡುಮಣ್ಣನ್ನು ಹೇರಿ ಹೊಲಕ್ಕೆ ಹೊಡೆಯುತ್ತಿದ್ದರು. ಅದರಿಂದ ಹೊಲವೂ ಕೊಬ್ಬುತ್ತಿತ್ತು, ಕೆರೆಯೂ ಆಳವಾಗುತ್ತಿತ್ತು. ದನಗಳು ಅಂಗಳದ ಹುಲ್ಲನ್ನು ಮೇಯುತ್ತಿದ್ದುವು. ನೀರಗಂಟಿ ತೂಬನ್ನೂ ಏರಿಯನ್ನೂ ನೋಡಿಕೊಳ್ಳಲು ಇದೇ ತಕ್ಕ ಕಾಲ. ಕೆರೆಯ ವರ್ಷದಲ್ಲಿ ಬೇಸಗೆಯೆಂಬುದು ಖಾಲಿಯಾದ ಪುಟವಲ್ಲ. ಕೆರೆ ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳುವ ಕೆಲಸದ ಕಾಲ ಅದು.

ಈ ಕೆಲಸವನ್ನು ಈಗಿನ ಬಹುಪಾಲು ಕೆರೆಗಳು ಮರೆತಿವೆ. ಜಕ್ಕೂರು ಕೆರೆಯನ್ನೇ ನೋಡಿ. ಸುಮಾರು 160 ಎಕರೆಯ ಈ ಕೆರೆಯ ತಲೆಯಲ್ಲಿ ದಿನಕ್ಕೆ 1 ಕೋಟಿ ಲೀಟರ್ ಕೊಳಚೆನೀರನ್ನು ಶುದ್ಧೀಕರಿಸುವ ಸ್ಥಾವರವನ್ನು ಕಟ್ಟಿದರು. ಅಲ್ಲಿಂದ ಹೊರಬಿದ್ದ ನೀರು ಆಪುಹುಲ್ಲು ಮೊದಲಾದ ಜಲಸಸ್ಯಗಳನ್ನು ಬೆಳೆಸಿದ ತೇವಭೂಮಿಯೊಂದರ ಮೂಲಕ ನಿಧಾನವಾಗಿ ಹಾದು, ಸಸ್ಯಗಳ ಬೇರುಗಳಲ್ಲಿ ತನ್ನ ಕಲ್ಮಶವನ್ನು ಇನ್ನಷ್ಟು ಕಳೆದುಕೊಂಡು ಕೆರೆಯನ್ನು ಸೇರುವುದು. ಇದು ಬುದ್ಧಿವಂತಿಕೆಯ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಇದರಿಂದ ಸುತ್ತಲಿನ ಬಾವಿಗಳಿಗೆ ನೀರಾಗಿದೆ, ಮೀನುಗಾರರಿಗೆ ಜೀವನವಾಗಿದೆ, ಹೆಜ್ಜಾರ್ಲೆಗಳಿಗೆ ಊಟವಾಗಿದೆ. ಇಂಥ ಏರ್ಪಾಡಿಲ್ಲದೆ ಹಸಿ ಕೊಳಚೆಯೇ ನುಗ್ಗುವ ಕೆರೆಗಳ ಗತಿಯನ್ನು ಹೇಳದಿರುವುದೇ ಲೇಸು. ಅಲ್ಲಿ ಅಂತರಗಂಗೆ ಹಾಸಿಕೊಂಡು ನೀರೇ ಕಾಣದು. ಎರಡು ಬಗೆಯ ಕೆರೆಗಳಿಗೂ ಸಮಾನವಾದ ಲಕ್ಷಣವೊಂದುಂಟು: ಅವು ಬತ್ತುವುದಿಲ್ಲ. ಮಳೆ ಬರಲಿ ಬಾರದಿರಲಿ, ನಗರದ ಮನೆಗಳಲ್ಲಿ ಮುಂಜಾನೆ ನಲ್ಲಿ ತಿರುಗಿದರೆ ಸಾಕು, ಅವು ತುಂಬಿಯೇ ಇರುವುವು. ಆ ನಲ್ಲಿಯ ನೀರಾದರೋ ಬಹುಮಟ್ಟಿಗೆ ಕಾವೇರಿಯದು. 1974ರಿಂದ ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಯಂತ್ರಗಳಿಂದ ಏರಿ ಬರುತ್ತಿರುವ ನೀರು. ತುಲಾ ಸಂಕ್ರಮಣದ ದಿನ ತೀರ್ಥೋದ್ಭವವನ್ನು ಕಾಣಲು ತಲಕಾವೇರಿಗೆ ಹೋಗುವ ಭಕ್ತನ ಮನೆಯ ಹಿಂದಿನಿಂದ ಅದೇ ಕಾವೇರಿ, ಬೇರೊಂದು ವೇಷದಲ್ಲಿ, ಕೆರೆಗೆ ಇಳಿಯುತ್ತಿರುವಳು.

ಶೌಚಾಶೌಚದ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುವುದಾದರೂ ಅದರಲ್ಲಿ ನನಗೆ ಹೆಚ್ಚು ತೊಡಕು ಕಾಣದು. ನೀರು ಎಲ್ಲವನ್ನೂ ತೊಳೆದು ತಾನೂ ತೊಳೆದುಕೊಳ್ಳುವುದೆಂಬುದನ್ನು ನಮ್ಮ ಹಿರಿಯರು ಬಲ್ಲರು. ನನ್ನನ್ನು ಕಾಡುವುದು ನಿತ್ಯತೆಯ ಪ್ರಶ್ನೆ. ಬತ್ತದ ಸೆಲೆಯನ್ನು ನಾವು ಬೇಡಿದೆವು, ಅದು ದೊರೆತಿದೆ. ಆದರೆ ಅದು ದೊರೆತ ಮೇಲೆ ಕೆರೆಗೆ ಬೇಸಗೆಯೇ ಇಲ್ಲವಾಯಿತು. ಬೇಸಗೆ ಹೋದುದರಿಂದ ಹೂಳು ಗಾಳಿಯನ್ನು ಕಾಣದೆ ಕೊಳೆಯಿತು, ಕೆಸರುದಂಡೆಯ ಹಕ್ಕಿಗಳಿಗೆ ಎಡೆ ತಪ್ಪಿತು, ಗೋಡು ಹೇರುವ ಗಾಡಿ ನಿಂತಿತು, ಕಳೆಗೆ ಅಂಕೆಯಿಲ್ಲವಾಯಿತು. ಮುಂದಿನ ಮಳೆಗೆ ಕೆರೆಯಲ್ಲಿ ಜಾಗವೂ ಉಳಿಯಲಿಲ್ಲ. 2024ರ ಒಂದೇ ವರ್ಷದಲ್ಲಿ ಬೆಂಗಳೂರು ಎರಡನ್ನೂ ಕಂಡಿತು. ಮಾರ್ಚಿನಲ್ಲಿ ಕೊಳವೆಬಾವಿಗಳು ಒಣಗಿ ಬಡಾವಣೆಗಳು ನೀರಿನ ಟ್ಯಾಂಕರಿಗಾಗಿ ಬಾಯಿಬಿಟ್ಟು ಕಾದುವು. ಅಕ್ಟೋಬರಿನಲ್ಲಿ, ಕಾವೇರಿ ಐದನೆಯ ಹಂತದ ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಉದ್ಘಾಟನೆಯಾದ ಅದೇ ವಾರದ ಆಸುಪಾಸಿನಲ್ಲಿ, ಮಳೆ ಸುರಿದು ಯಲಹಂಕದ ವಸತಿ ಸಮುಚ್ಚಯವೊಂದರ ಜನರನ್ನು ದೋಣಿಗಳಲ್ಲಿ ಹೊರಗೆ ತರಬೇಕಾಯಿತು. ಯಾವಾಗಲೂ ತುಂಬಿರುವ ಪಾತ್ರೆಗೆ ಹೊಸದನ್ನು ಹಿಡಿಯುವ ಶಕ್ತಿಯಿರದು.

ನಿತ್ಯತೆಯಲ್ಲಿಯೂ ಎರಡು ಬಗೆಯುಂಟೆಂದು ನಮ್ಮ ದಾರ್ಶನಿಕರು ಎಂದೋ ಗುರುತಿಸಿದ್ದರು. ಯೋಗಸೂತ್ರಗಳ ಭಾಷ್ಯಕಾರನು ಕೂಟಸ್ಥನಿತ್ಯತೆ, ಪರಿಣಾಮಿನಿತ್ಯತೆ ಎಂದು ಅವನ್ನು ಬೇರ್ಪಡಿಸುತ್ತಾನೆ: ಮಾರ್ಪಡದೆಯೇ ಉಳಿಯುವುದು ಒಂದು, ಮಾರ್ಪಡುತ್ತಲೇ ತನ್ನ ತತ್ತ್ವವನ್ನು ಉಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಪುರುಷನಿಗೆ, ಎರಡನೆಯದು ಪ್ರಕೃತಿಯ ಗುಣಗಳಿಗೆ ಸಲ್ಲುವುದು. ತತ್ತ್ವಾರ್ಥಸೂತ್ರವಾದರೋ ಇನ್ನೂ ಮುಂದೆ ಹೋಗಿ, ಇರುವಿಕೆಯ ಲಕ್ಷಣವನ್ನೇ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರರ ಕೂಡಿಕೆಯಾಗಿ ಹೇಳಿತು. ಹುಟ್ಟುವುದು, ಕಳೆಯುವುದು, ಉಳಿಯುವುದು, ಈ ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇದ್ದರೆ ಮಾತ್ರ ಅದು ಸತ್ತು; ಕಳೆಯುವುದನ್ನು ತೆಗೆದುಹಾಕಿದರೆ ಉಳಿಯುವುದು ಶುದ್ಧವಾದ ಸತ್ತಲ್ಲ, ಅದು ಇಲ್ಲವೇ ಇಲ್ಲ. ಗ್ರಂಥದಲ್ಲಿ ಓದಿದಾಗ ತರ್ಕದ ಕಸರತ್ತಾಗಿ ತೋರಿದ ಈ ಮಾತು, ಏರಿಯ ಮೇಲೆ ನಿಂತು ನಾಲ್ಕಾರು ಋತುಗಳನ್ನು ಕಂಡವನಿಗೆ ಕಣ್ಣೆದುರಿನ ಸಂಗತಿಯಾಗುವುದು. ಕೆರೆಯ ಶಾಸನಗಳು ಈ ಧರ್ಮವು ಆಚಂದ್ರಾರ್ಕವಾಗಿ ನಡೆಯಲಿ ಎಂದು ಹಾರೈಸುತ್ತವೆ, ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನು ಹೊರಿಸುತ್ತವೆ. ಸೂರ್ಯಚಂದ್ರರಿರುವ ತನಕ ಕೆರೆ ಇರಬೇಕೆಂದ ಆ ಮನುಷ್ಯನಿಗೆ, ಬರುವ ಬೇಸಗೆಯಲ್ಲಿಯೇ ಅದು ಬತ್ತುವುದೆಂಬುದು ತಿಳಿದಿರಲಿಲ್ಲವೆ? ತಿಳಿದಿತ್ತು. ಅವನು ಶಾಶ್ವತವಾಗಲೆಂದು ಕೋರಿದ್ದು ನೀರನ್ನಲ್ಲ; ತುಂಬಿ, ಹರಿದು, ಬತ್ತಿ, ಹೂಳೆತ್ತಿಸಿಕೊಂಡು ಮತ್ತೆ ತುಂಬುವ ಆವರ್ತನವನ್ನು. ಮಾರ್ಪಡದೆ ಉಳಿಯಲೆಂದು ನಿಲ್ಲಿಸಿದ ಕಲ್ಲಿನ ಗತಿಯನ್ನೂ ನಾವು ಇಲ್ಲಿಯೇ ಕಂಡಿರುವೆವು: ಗಂಗರ ಶ್ರೀಪುರುಷನ ಕಾಲದಲ್ಲಿ, ಕ್ರಿ.ಶ. 750ರ ಸುಮಾರಿಗೆ, ಊರನ್ನು ಕಾಯುತ್ತ ಮಡಿದ ಕಿತ್ತಯ್ಯನ ವೀರಗಲ್ಲು ಹೆಬ್ಬಾಳದ ನೆಲದೊಳಗೆ ಹೂತುಹೋಗಿ, 2018ರಲ್ಲಿ ಚರಂಡಿಯ ಅಗೆತದಲ್ಲಿ ಬೆಳಕಿಗೆ ಬಂದಿತು.

ಆದರೆ ಈ ವಾದಕ್ಕೆ ಬಲವಾದ ಆಕ್ಷೇಪವೊಂದುಂಟು. ಅದನ್ನು ಮರೆಮಾಚಿ ಮುಂದೆ ಹೋಗುವುದು ಅಪ್ರಾಮಾಣಿಕತೆಯಾಗುವುದು. ಬತ್ತುವಿಕೆಯನ್ನು ಹೊಗಳುವುದು ಮನೆಯಲ್ಲಿ ನಲ್ಲಿಯುಳ್ಳವನ ವಿಲಾಸವಲ್ಲವೆ? ಈ ನಾಡಿನ ಜನ ಬತ್ತಿದ ಕೆರೆಯನ್ನು ಅನುಪ್ರೇಕ್ಷೆಯ ವಸ್ತುವಾಗಿ ಕಂಡವರಲ್ಲ, ಮೃತ್ಯುವಾಗಿ ಕಂಡವರು. ‘ಕೆರೆಗೆ ಹಾರ’ವನ್ನು ಕೇಳದ ಕನ್ನಡಿಗನಿಲ್ಲ, ಕಟ್ಟಿಸಿದ ಕೆರೆಯಲ್ಲಿ ಹನಿ ನೀರು ಬಾರದೆ, ಮನೆಯ ಕಿರಿಯ ಸೊಸೆ ಭಾಗೀರಥಿಯನ್ನೇ ಕೊಡುವ ಕಥೆ ಅದು. ಒಣಗಿದ ಅಂಗಳದ ಭಯ ಎಷ್ಟು ಭೀಕರವಾಗಿರಬೇಕು, ಅಂಥ ಪಾಪವೂ ಪುಣ್ಯವಾಗಿ ಕಾಣಬೇಕಾದರೆ! ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ವರೆಗಿನ ಕ್ಷಾಮ, ಮೈಸೂರು ಸೀಮೆಯನ್ನು ಹೇಗೆ ಸುಟ್ಟಿತೆಂಬುದನ್ನು ಜನಗಣತಿಯ ಅಂಕೆಗಳೇ ಹೇಳುತ್ತವೆ: 1871ರಲ್ಲಿ 50 ಲಕ್ಷವನ್ನು ದಾಟಿದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಇದನ್ನು ಅರಿತವನು ಬತ್ತದ ಕೆರೆಯನ್ನು ಬೇಡಿದ ರೈತನನ್ನು ನಿತ್ಯತೆಯ ಮೋಹಕ್ಕೆ ಒಳಗಾದವನೆಂದು ಗೇಲಿಮಾಡಲಾರನು. ಇಂದಿಗೂ ಹೆಬ್ಬಾಳ ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು, ದಿನಕ್ಕೆ 21 ಕೋಟಿ ಲೀಟರಿನ ಯೋಜನೆಯಲ್ಲಿ, ಚಿಕ್ಕಬಳ್ಳಾಪುರವೂ ಸೇರಿದಂತೆ ಒಣಸೀಮೆಯ 65 ಕೆರೆಗಳಿಗೆ ಹಾಯಿಸುವಾಗ, ಅಲ್ಲಿನ ರೈತನಿಗೆ ನಾನು ಹೋಗಿ ಕೆರೆ ಬತ್ತುವುದೇ ಧರ್ಮವೆಂದು ಉಪದೇಶಿಸಿದರೆ ಅವನು ನನ್ನನ್ನು ಏರಿಯಿಂದ ಕೆಳಕ್ಕೆ ಅಟ್ಟುವುದೇ ಸರಿ.

ಆಕ್ಷೇಪವನ್ನು ಒಪ್ಪಿಯೂ ಒಂದು ಭೇದವನ್ನು ನಾನು ಬಿಡಲಾರೆ. ಋತುವಿನಲ್ಲಿ ಬತ್ತುವುದು ಬೇರೆ, ಬರದಲ್ಲಿ ಬತ್ತುವುದು ಬೇರೆ. ಮೊದಲನೆಯದು ಆವರ್ತನದ ಒಂದು ಪಾದ. ಎರಡನೆಯದು ಆವರ್ತನವೇ ಮುರಿದುಬಿದ್ದ ಸ್ಥಿತಿ. ಬರದ ಕೆರೆಯಲ್ಲಿ ನೀರು ಬರುವುದನ್ನು ಮರೆಯಿತು. ಕೊಳಚೆಯ ಕೆರೆಯಲ್ಲಿ ನೀರು ಹೋಗುವುದನ್ನು ಮರೆಯಿತು. ಮೇಲುನೋಟಕ್ಕೆ ಒಂದು ಶೂನ್ಯ, ಒಂದು ಪೂರ್ಣ. ಆದರೆ ಕಾಲವು ನಿಂತುಹೋದದ್ದು ಎರಡರಲ್ಲಿಯೂ. ಭಾಗೀರಥಿಯ ಅತ್ತೆಮಾವಂದಿರು ಬೇಡಿದ್ದು ಕೆರೆಗೆ ನೀರು ಬರಲಿ ಎಂದು. ಅದು ಎಂದಿಗೂ ಹೋಗದಿರಲಿ ಎಂದಲ್ಲ. ನಮ್ಮ ಭಕ್ತಿಯ ಭಾಷೆಯಲ್ಲಿಯೂ ಇದೇ ಬೆರಕೆ ನಡೆದಿರಬಹುದೆಂದು ನನ್ನ ಊಹೆ. ಕೂಟಸ್ಥನಾದ ಆತ್ಮನಿಗೆ ಸಲ್ಲಬೇಕಾದ ಲಕ್ಷಣವನ್ನು ನಾವು ಕೆರೆಗೆ, ಕಾಡಿಗೆ, ಮನೆತನಕ್ಕೆ, ದೇಹಕ್ಕೆ ಹೊರಿಸಿ, ಅವು ಆ ಹೊರೆಯನ್ನು ಹೊರಲಾರದೆ ಕೆಟ್ಟಾಗ ಸಂಸಾರ ಅಸಾರವೆಂದು ನಿಟ್ಟುಸಿರು ಬಿಡುವೆವು. ಅದ್ವೈತಿಯು ಬ್ರಹ್ಮವೊಂದೇ ನಿತ್ಯವೆಂದಾಗ, ಉಳಿದುವನ್ನು ನಿತ್ಯವಾಗಿಸುವ ಯತ್ನಕ್ಕೆ ಆತನು ಅನುಮತಿ ಕೊಟ್ಟಂತಾಗಲಿಲ್ಲ. ಆ ಯತ್ನವನ್ನು ನಿಲ್ಲಿಸಿರೆಂದೇ ಹೇಳಿದಂತಾಯಿತು. ಆತನ ಮಾತನ್ನು ನೆಟ್ಟಗೆ ಕೇಳಿದ್ದರೆ ನಾವು ಬೇಸಗೆಯ ಕೆರೆಯನ್ನು ಬೇಸಗೆಯ ಪಾಲಿಗೆ ಬಿಡುತ್ತಿದ್ದೆವು.

ನಮ್ಮ ಕಾನೂನೂ ಈ ವಿಷಯದಲ್ಲಿ ಅರ್ಧದಾರಿಯಲ್ಲಿ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ ಸಂರಕ್ಷಣಾ ಮೀಸಲು ಎಂಬ ಹೊಸ ವರ್ಗ ಹುಟ್ಟಿತು; ಸ್ಥಳೀಯ ಜನರೊಡನೆ ಸಮಾಲೋಚಿಸಿ, ಭೂದೃಶ್ಯವನ್ನೂ ಪ್ರಾಣಿಸಸ್ಯಗಳನ್ನೂ ಅವುಗಳ ನೆಲೆಯನ್ನೂ ಕಾಪಾಡುವುದು ಅದರ ಉದ್ದೇಶ. ಒಳ್ಳೆಯ ಕಾನೂನು. ಅದು ನೆಲಕ್ಕೆ ಎಲ್ಲೆಯನ್ನು ಹಾಕಿತು, ಬೇಟೆಯನ್ನು ತಡೆಯಿತು, ಒತ್ತುವರಿಗೆ ಅಡ್ಡ ನಿಂತಿತು. ಆದರೆ ಕಾಲಕ್ಕೆ ಎಲ್ಲೆ ಹಾಕುವ ವಿಧಾನವನ್ನು ಅದು ತಿಳಿಯದು. ಬೇಲಿಯೊಳಗಿನ ಮರ, ನೀರು, ಹಕ್ಕಿ ಎಲ್ಲವೂ ಇದ್ದು ಋತುವೊಂದೇ ಕಳವಾಗಿಹೋದರೆ ದೂರು ಕೊಡಲು ಕಲಮು ಇಲ್ಲ. ಭೂತಯಜ್ಞದಲ್ಲಿ ಗೃಹಸ್ಥನು ತನ್ನ ಅನ್ನದಲ್ಲಿ ಒಂದು ಪಾಲನ್ನು ಎಲ್ಲ ಜೀವಿಗಳಿಗೂ ಎತ್ತಿಡಬೇಕೆಂದು ಶಾಸ್ತ್ರ ವಿಧಿಸಿತು. ನಗರವು ಇಂದು ತನ್ನ ನೀರಿನ ಶೇಷವನ್ನೇ ಕೆರೆಗಳಿಗೆ ಎತ್ತಿಡುತ್ತಿದೆ, ಅದೂ ಒಂದು ಬಲಿಯೇ ಇರಬಹುದು. ಆದರೆ ಅತಿಥಿಯ ಎಲೆಗೆ ಅವನು ಬೇಡವೆಂದರೂ ಬಡಿಸುತ್ತಲೇ ಇರುವುದು ಆತಿಥ್ಯವಲ್ಲ. ಯಾವಾಗ ಬಡಿಸಬೇಕು, ಯಾವಾಗ ಕೈ ಹಿಂತೆಗೆಯಬೇಕು ಎಂಬ ಅರಿವೂ ಯಜ್ಞದ ಅಂಗವೇ.

ಆದುದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಉತ್ತರ ಬೆಂಗಳೂರಿನ ಎಲ್ಲ ಕೆರೆಗಳೂ ಬತ್ತಲಿ ಎಂದು ನಾನು ಹೇಳುವುದಿಲ್ಲ. ಜಕ್ಕೂರು ತುಂಬಿರಲಿ, ಚಿಕ್ಕಬಳ್ಳಾಪುರದ ರೈತನಿಗೆ ನೀರು ಹೋಗಲಿ, ಮೀನುಗಾರನ ಬಲೆಗೆ ಮೀನು ಬೀಳಲಿ. ಆದರೆ ಈ ಸರಪಣಿಯಲ್ಲಿ ಒಂದು ಕೆರೆಯನ್ನಾದರೂ, ಮೇಲಾಗಿ ಹಕ್ಕಿಗಳಿಗೆಂದೇ ಮೀಸಲಾದ ಪುಟ್ಟೇನಹಳ್ಳಿಯನ್ನು, ಮಳೆಗೂ ಬಿಸಿಲಿಗೂ ಒಪ್ಪಿಸಿಬಿಡಬೇಕು. ಕಾಲುವೆಗಳಲ್ಲಿ ಮಳೆನೀರು ಮಾತ್ರ ಬರುವಂತೆ ನೋಡಿಕೊಳ್ಳಬೇಕು. ಫಾಲ್ಗುಣದಿಂದ ಜ್ಯೇಷ್ಠದ ವರೆಗೆ ಬೇರಾವ ನೀರನ್ನೂ ಅದಕ್ಕೆ ಬಿಡಬಾರದು. ಬತ್ತಿದ ವರ್ಷ ಗಾಬರಿಗೊಂಡು ಟ್ಯಾಂಕರುಗಳಲ್ಲಿ ನೀರು ತಂದು ಸುರಿಯಬಾರದು. ಹೂಳನ್ನು ರೈತರು ಹೊತ್ತುಕೊಂಡು ಹೋಗಲು ಬಿಡಬೇಕು. ಜಾರಕಬಂಡೆಯಲ್ಲಿ ನೀಲಗಿರಿ ಕಡಿದ ಜಾಗದಲ್ಲಿ ಎಲೆಯುದುರಿಸುವ ನಾಡಮರಗಳಿಗೆ ಎಡೆಮಾಡಿಕೊಟ್ಟು, ಅವು ಬೋಳಾಗಿ ನಿಂತಾಗ ಕಾಡು ಒಣಗಿತೆಂದು ಪತ್ರಿಕೆಗಳಿಗೆ ಬರೆಯುವವರು ಸ್ವಲ್ಪ ತಾಳಿಕೊಳ್ಳಬೇಕು. ಓದುಗರಲ್ಲಿಯೂ ಒಂದು ವಿಜ್ಞಾಪನೆ: ಡಿಸೆಂಬರಿನಲ್ಲಿ ಬಾತುಕೋಳಿಗಳನ್ನು ನೋಡಲು ಹೋಗುವವರು ಏಪ್ರಿಲಿನ ಕೊನೆಯಲ್ಲಿಯೂ ಒಮ್ಮೆ ಹೋಗಿಬನ್ನಿ; ಮಕ್ಕಳನ್ನೂ ಕರೆದುಕೊಂಡು ಹೋಗಿ, ಅಂಗಳದ ಬಿರುಕಿನ ಬಳಿ ಕೂರಿಸಿ, ಕಪ್ಪೆ ಎಲ್ಲಿರಬಹುದೆಂದು ಅವರನ್ನೇ ಕೇಳಿ.